ಗಿಟಾರಿಗೆ ಬಡಗಿಯ ಮದ್ದು

ಧಾರವಾಡದಲ್ಲಿ ವಿಚಾರಿಸಿದರೆ ಸಿತಾರಿನ ಜವಾರಿ ಸರಿಮಾಡುವವರು ಸಿಗುತ್ತಾರೆ, ತಬಲಾ ಮುಚ್ಚಿಗೆ ಬದಲಿಸುವವರು ಸಿಗುತ್ತಾರೆ. ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್, ಅಂದರೆ ತಂತಿಗಳನ್ನು ಹೊರುವ ಲೋಹದ ಸೇತುವೆ, ಅಲುಗಾಡುತ್ತಿದೆ ಎಂದರೆ ಮಾತ್ರ ಎಲ್ಲರೂ ಹುಬ್ಬಳ್ಳಿಯ ಕಡೆ ಕೈ ತೋರಿಸುತ್ತಾರೆ. ಹುಬ್ಬಳ್ಳಿಯ ಅಂಗಡಿಯವರು ಗಿಟಾರು ಚೀಲದಿಂದ ಪೂರ್ತಿ ಹೊರಗೆ ಬರುವ ಮೊದಲೇ "ಬ್ರಿಡ್ಜ್ ಬದಲಿಸಿಬಿಡಿ ಸರ್, ಬೆಂಗಳೂರಿನಿಂದ ತರಿಸಿಕೊಡುತ್ತೇವೆ" ಎಂದರು. ನಿಜವಾಗಿ ಸಡಿಲವಾಗಿರುವುದು ಯಾವ ಭಾಗ ಎಂದು ಕೇಳಿದೆ. "ಬ್ರಿಡ್ಜೇ ಸಡಿಲ" ಎಂಬ ಉತ್ತರ ಬಂತು. ಚೀಲದ ಜಿಪ್ ಎಳೆದು ವಾಪಸು ಬಸ್ ಹತ್ತಿದೆ.

ಕೆಲಸಕ್ಕೆಂದು ಪುಣೆಗೆ ಹೋಗುವಾಗ ನನ್ನ ತಮ್ಮ ನನಗೆ ದಾಟಿಸಿದ ಗಿಟಾರು ಅದು. ಲೆಸ್ ಪಾಲ್ ಎಂಬ ಪ್ರಸಿದ್ಧ ಗಿಟಾರಿನ ಆಕಾರ, ಯಾರಿಗೂ ಗುರುತಿಲ್ಲದ ಹೆಸರು. ನುಡಿಸುವಾಗ ಅಂಗೈಯ ಅಂಚನ್ನು ತಂತಿಗಳ ಮೇಲೆ ಒತ್ತಿದರೆ ಸಾಕು, ಇಡೀ ಬ್ರಿಡ್ಜ್ ಕತ್ತಿನ ಕಡೆಗೆ ಒಂದು ಎಳೆಯಷ್ಟು ವಾಲುತ್ತಿತ್ತು, ಶ್ರುತಿ ಅಲ್ಲಿಗೇ ಕೆಡುತ್ತಿತ್ತು. ಮಂದ್ರದ ತಂತಿ ಮೀಟಿದರೆ ಒಳಗೆಲ್ಲೋ ಲೋಹ ಲೋಹಕ್ಕೆ ತಾಗುವ ಸಣ್ಣ ಗಿರಗಿರ ಬೇರೆ.

ಈ ಜಾತಿಯ ಬ್ರಿಡ್ಜಿಗೆ ಟ್ಯೂನ್-ಒ-ಮ್ಯಾಟಿಕ್ ಎಂದು ಹೆಸರು. ಗಿಬ್ಸನ್ ಕಂಪನಿಯ ಟೆಡ್ ಮೆಕಾರ್ಟಿ ರೂಪಿಸಿದ್ದು, 1954ರ ಲೆಸ್ ಪಾಲ್ ಕಸ್ಟಮ್ ಗಿಟಾರಿನಲ್ಲಿ ಬಂದದ್ದು. ಇದನ್ನು ಗಿಟಾರಿಗೆ ಯಾವ ಸ್ಕ್ರೂವೂ ಬಿಗಿದಿರುವುದಿಲ್ಲ. ಎರಡು ಕಂಬಗಳ ಮೇಲೆ ಸುಮ್ಮನೆ ಕೂತಿರುತ್ತದೆ, ತಂತಿಗಳ ಒತ್ತಡವೇ ಅದನ್ನು ಹಿಡಿದಿಡುತ್ತದೆ. ಆರೂ ತಂತಿ ಒಟ್ಟಿಗೆ ಬಿಚ್ಚಿ ಗಿಟಾರನ್ನು ಬೋರಲು ಹಾಕಿದರೆ ಬ್ರಿಡ್ಜ್ ನೆಲಕ್ಕೆ ಬೀಳುತ್ತದೆ. ಹಾಗಾಗಿ ಅಲುಗಾಟಕ್ಕೆ ಮೂರು ಜಾಗಗಳಿವೆ: ಕಂಬದ ತಲೆಗೂ ಬ್ರಿಡ್ಜಿನ ತೂತಿಗೂ ನಡುವೆ, ಕಂಬದ ಮರೆಗೂ (ತಿರುಪಿನ ಸುತ್ತುಗಳಿಗೂ) ಅದು ಇಳಿಯುವ, ಮರದೊಳಗೆ ಕೂರಿಸಿದ ಲೋಹದ ಕೊಳವೆಯಾದ ಬುಷ್‌ಗೂ ನಡುವೆ, ಬುಷ್‌ಗೂ ಮರಕ್ಕೂ ನಡುವೆ. ಬ್ರಿಡ್ಜ್ ಬದಲಿಸಿದರೆ ವಾಸಿಯಾಗುವುದು ಹೆಚ್ಚೆಂದರೆ ಮೊದಲನೆಯದು, ಅದೂ ಹೊಸದರ ತೂತು ಅಳತೆಗೆ ಸರಿಯಾಗಿದ್ದರೆ.

ಎಲ್ಲ ಅಲುಗಾಟವೂ ರೋಗವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಫೆಂಡರ್ 1958ರಲ್ಲಿ ತಂದ ಜಾಝ್‌ಮಾಸ್ಟರ್‌ನಲ್ಲಿ ಬ್ರಿಡ್ಜ್ ತೂಗಬೇಕೆಂದೇ ಮಾಡಿದ್ದಾರೆ. ಸ್ವರವನ್ನು ಏರಿಳಿಸುವ ಟ್ರೆಮೊಲೊ ಕಡ್ಡಿ ಒತ್ತಿದಾಗ ತಂತಿಯ ಜೊತೆ ಅದೂ ಹಿಂದೆ ಮುಂದೆ ಆಡಿ, ಕಡ್ಡಿ ಬಿಟ್ಟಾಗ ಸ್ವಸ್ಥಾನಕ್ಕೆ ಬರಲಿ ಎಂದು. ನನ್ನದಕ್ಕೆ ಅಂಥ ಕಡ್ಡಿಯೂ ಇಲ್ಲ, ಆ ನೆಪವೂ ಇಲ್ಲ.

ಭಾನುವಾರ ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ತಂತಿ ಸಡಿಲಿಸಿ, ಬ್ರಿಡ್ಜ್ ಎತ್ತಿಟ್ಟು, ಒಂದೊಂದೇ ಕಂಬವನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿದೆ. ಇನ್ನೊಂದು ಕೈಯ ಉಗುರನ್ನು ಬುಷ್‌ನ ಅಂಚಿಗೂ ಬಣ್ಣಕ್ಕೂ ಸೇರುವಲ್ಲಿ ಇಟ್ಟುಕೊಂಡಿದ್ದೆ. ಕಣ್ಣಿಗೆ ಕಾಣದ ಚಲನೆ ಉಗುರಿಗೆ ತಿಳಿಯುತ್ತದೆ. ದಪ್ಪ ತಂತಿಯ ಬದಿಯ ಬುಷ್ ಕಲ್ಲಿನಂತೆ ಕೂತಿತ್ತು, ಅಲ್ಲಿ ಸಡಿಲವಿದ್ದುದು ಕಂಬದ ತಲೆ ಮಾತ್ರ. ಸಣ್ಣ ತಂತಿಯ ಬದಿಯಲ್ಲಿ ಬುಷ್ಷೇ ಮರದೊಳಗೆ ಆಡುತ್ತಿತ್ತು. ಅದರ ಸುತ್ತ ಬಣ್ಣ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು.

ಆಡುತ್ತಿದ್ದರೂ ಎಳೆದರೆ ಅರ್ಧಕ್ಕೆ ಬಂದು ನಿಂತಿತು. ಇದಕ್ಕೆ ರಿಪೇರಿಯವರ ಹಳೆಯ ಉಪಾಯವೊಂದಿದೆ. ಕಂಬ ತೆಗೆದು, ಬುಷ್‌ನೊಳಗೆ ಮೊಳೆಯ ತುಂಡೊಂದನ್ನು ಹಾಕಿ, ಮತ್ತೆ ಕಂಬ ತಿರುಗಿಸುವುದು. ಕಂಬ ತುಂಡಿಗೆ ತಾಗಿ ಕೆಳಗಿಳಿಯಲಾರದೆ ಹೋದಾಗ ಬುಷ್ ಮೇಲೇರಿ ಬರುತ್ತದೆ. ಬಂತು. ಹೊರಮೈಯ ಗೀರುಗಳ ತುಂಬ ಮರದ ಹೊಟ್ಟು ಅಂಟಿಕೊಂಡಿತ್ತು. (ಇದೇ ಕೆಲಸವನ್ನು ತಂತಿಗಳ ತುದಿ ಸಿಕ್ಕಿಸುವ ಹಿಂದಿನ ಟೇಲ್‌ಪೀಸಿನ ಬುಷ್‌ಗೆ ಮಾಡುವವರು ಎಚ್ಚರದಿಂದಿರಬೇಕು. ಸಾಮಾನ್ಯವಾಗಿ ಅದರ ತಳದಲ್ಲಿ ಅರ್ಥಿಂಗ್ ವೈರ್ ಇರುತ್ತದೆ. ಅದು ಕಿತ್ತುಬಂದರೆ ಆಂಪ್ಲಿಫೈಯರ್ ಗುಂಯ್ ಎನ್ನಲು ಶುರುಮಾಡುತ್ತದೆ.)

ತೂತು ದೊಡ್ಡದಾಗಿದೆ, ಅದನ್ನು ತುಂಬಬೇಕು. ಇದು ಗಿಟಾರಿನ ಸಮಸ್ಯೆಯಲ್ಲ, ಮರದ ಸಮಸ್ಯೆ ಎಂದುಕೊಂಡು ಓಣಿಯ ತುದಿಯ ಬಡಗಿ ಕಾಕಾ ಅವರ ಬಳಿ ಹೋದೆ. ಸೂಪರ್ ಗ್ಲೂ ಹಾಕಲೇ ಎಂದು ಕೇಳಿದ್ದಕ್ಕೆ ನಕ್ಕರು. "ಆಮೇಲೆ ಬಿಚ್ಚುವುದು ಹೇಗೆ?" ಹೊಟ್ಟು ಕಲಸಿದ ಫೆವಿಕಾಲ್ ತುಂಬಿದರೆ ಭಾರ ಬಿದ್ದಾಗ ಪುಡಿಯಾಗುತ್ತದೆ ಎಂದರು. ಕಾಲ ಬಳಿ ಸಾಗವಾನಿ ಹೆರೆದ ಸುರುಳಿಗಳು ರಾಶಿ ಬಿದ್ದಿದ್ದವು. ನಾನು ಒಂದಕ್ಕೆ ಕೈ ಹಾಕಿದೆ.

"ಅದು ಬೇಡ. ಸಾಗವಾನಿಯಲ್ಲಿ ಎಣ್ಣೆ ಇರುತ್ತದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ತಡಿ, ಬೇವಿನದು ಕೊಡುತ್ತೇನೆ."

ಬೇವಿನ ತುಂಡೊಂದನ್ನು ಹೆರೆದು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾದ ಪಟ್ಟಿ ತೆಗೆದರು. ಎಳೆಗಳು ತೂತಿನ ಆಳದ ಉದ್ದಕ್ಕೆ ನಿಲ್ಲುವಂತೆ ಕತ್ತರಿಸಿದರು. ಅಡ್ಡಕ್ಕೆ ಇಟ್ಟರೆ ಬುಷ್ ಇಳಿಯುವಾಗ ಮುರಿದು ಮುದುಡುತ್ತದೆಯಂತೆ. ಕೂಲಿ ಕೇಳಿದ್ದಕ್ಕೆ "ಈ ಚೂರಿಗೆ ಏನು ಕೂಲಿ" ಎಂದು ಮತ್ತೆ ಬಾಗಿಲ ಚೌಕಟ್ಟಿನ ಕಡೆ ತಿರುಗಿದರು.

ಮನೆಯಲ್ಲಿ ತೂತಿನ ಒಳಗೆ ತೆಳುವಾಗಿ ಫೆವಿಕಾಲ್ ಸವರಿ ಪಟ್ಟಿ ಸುತ್ತಿ ಇಳಿಸಿದೆ. ಕಂಬದ ಮರೆಗೆ ಮೇಣದಬತ್ತಿ ಉಜ್ಜಿದೆ, ಅಂಟು ಅಲ್ಲಿಗೆ ಹತ್ತಬಾರದು. ಬುಷ್ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ಬಡಿದಾಗ ಮೊದಲು ಸಪ್ಪೆ ಸದ್ದು, ಕೊನೆಗೆ ಗಟ್ಟಿಯಾದ ಟಕ್. ಅಂಟು ಹಸಿ ಇರುವಾಗಲೇ ಎರಡೂ ಕಂಬಗಳ ಮೇಲೆ ಬ್ರಿಡ್ಜ್ ಕೂರಿಸಿ ಬಿಟ್ಟೆ. ಕಂಬಗಳ ನಡುವಿನ ಅಂತರವನ್ನು ಅದಕ್ಕಿಂತ ಚೆನ್ನಾಗಿ ಅಳೆಯುವ ಸಾಧನ ನನ್ನ ಬಳಿ ಇರಲಿಲ್ಲ. ರಾತ್ರಿಯಿಡೀ ಮುಟ್ಟಲಿಲ್ಲ.

ಇನ್ನು ಕಂಬದ ತಲೆಯ ಸಡಿಲ. ಅದಕ್ಕೆ ನಲ್ಲಿಯ ಮರೆಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಸಾಕಾಯಿತು. ತಲೆಗೆ ಬಿಗಿಯಾಗಿ ಸುತ್ತಿ, ಹೆಬ್ಬೆರಳಿನಿಂದ ಒತ್ತಿದಾಗ ಬ್ರಿಡ್ಜ್ ತುಸು ಹಟ ಮಾಡಿ ಕೂರುವಷ್ಟು ದಪ್ಪ ಮಾಡಿದೆ. ಟೇಪ್ ಹಾಕಿದರೆ ನಾದ ಸಾಯುತ್ತದೆ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬ್ರಿಡ್ಜಿನ ಭಾರ ಬೀಳುವುದು ಕಂಬದ ಮೇಲಿನ ಲೋಹದ ಚಕ್ರದ ಮೇಲೆ. ಟೇಪ್ ಇರುವುದು ತೂತಿನ ಗೋಡೆಗೆ. ಲೋಹಕ್ಕೆ ಲೋಹ ತಾಗಿಯೇ ಇದೆ, ಹೋದದ್ದು ಗಿರಗಿರ ಮಾತ್ರ.

ಬ್ರಿಡ್ಜ್ ನೆಟ್ಟಗೆ ನಿಂತದ್ದರಿಂದ ತಂತಿಗಳ ಉದ್ದದ ಹಳೆಯ ಲೆಕ್ಕವೆಲ್ಲ ತಪ್ಪಿತ್ತು. ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ 12ನೇ ಫ್ರೆಟ್‌ನ ಮೇಲೆ ಬೆರಳು ಸೋಕಿಸಿ ತೆಗೆದ ಹಾರ್ಮೋನಿಕ್ಕಿಗೂ ಅಲ್ಲೇ ಒತ್ತಿ ನುಡಿಸಿದ ಸ್ವರಕ್ಕೂ ಟ್ಯೂನರ್ ಇಟ್ಟು ಹೋಲಿಸಿದೆ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು (ಬ್ರಿಡ್ಜಿನಲ್ಲಿ ಆ ತಂತಿ ಕೂರುವ ಪುಟ್ಟ ತುಂಡನ್ನು) ಹಿಂದಕ್ಕೆ, ಇಳಿದಿದ್ದರೆ ಕತ್ತಿನ ಕಡೆಗೆ ಸರಿಸಬೇಕು. ಐದು ತಂತಿಗಳು ಮಾತು ಕೇಳಿದವು. ದಪ್ಪ ಇ ತಂತಿಯ ಸ್ಯಾಡಲ್ ಮಾತ್ರ ಪೂರ್ತಿ ಹಿಂದೆ ಹೋದ ಮೇಲೂ ಸ್ವರ ತುಸು ಏರಿಯೇ ಇತ್ತು. ಅದನ್ನು ಕಳಚಿ ಇಳಿಜಾರಿನ ಮುಖ ತಿರುಗಿಸಿ ಹಾಕಿದೆ, ಅರ್ಧ ಮಿಲಿಮೀಟರಿನಷ್ಟು ಜಾಗ ಸಿಕ್ಕಿತು, ಟ್ಯೂನರಿನ ಮುಳ್ಳು ನಡುವಿಗೆ ಬಂತು.