ವಾಟರ್ ಪಂಪಿನ ಆ ಸಣ್ಣ ತೂತು

ಮಡಿಕೇರಿಯಲ್ಲಿ ಗ್ಯಾರೇಜ್ ಕೆಲಸ ನನ್ನದು. ಸಂಪಾಜೆ ಘಾಟಿ ಹತ್ತಿ ಬಂದ ಗಾಡಿಗಳೇ ಇಲ್ಲಿ ಜಾಸ್ತಿ. "ಅಣ್ಣಾ, ಹೀಟ್ ಆಗ್ತಿದೆ, ರೇಡಿಯೇಟರ್ ನೋಡಿ" ಎನ್ನುತ್ತಾರೆ. ನಾನು ಮೊದಲು ಬಗ್ಗಿ ನೋಡುವುದು ವಾಟರ್ ಪಂಪನ್ನು.

ಹೆಚ್ಚಿನ ಗಾಡಿಗಳಲ್ಲಿ ಪಂಪನ್ನು ತಿರುಗಿಸುವುದು ಬೆಲ್ಟ್. ಒಳಗಿನ ರೆಕ್ಕೆಗಳು ರೇಡಿಯೇಟರಿನಲ್ಲಿ ತಣಿದ ಕೂಲೆಂಟನ್ನು, ಅಂದರೆ ಇಂಜಿನ್ ತಂಪಾಗಿಡುವ ದ್ರವವನ್ನು, ಎಳೆದು ಇಂಜಿನ್ನಿನ ಬ್ಲಾಕಿಗೆ, ಅದರ ಮೇಲಿನ ಹೆಡ್ಡಿಗೆ ತಳ್ಳುತ್ತವೆ. ಪಂಪಿನ ಶಾಫ್ಟಿಗೆ, ಅಂದರೆ ತಿರುಗುವ ದಂಡಕ್ಕೆ, ನೀರು ಸೋರದಂತೆ ತಡೆಯುವ ಒಂದು ಸೀಲ್, ಅದರಾಚೆ ದಂಡ ಸಲೀಸಾಗಿ ತಿರುಗಲು ಬೇರಿಂಗ್. ಎರಡರ ನಡುವೆ, ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಎಂದೇ ಅದನ್ನು ಬಿಟ್ಟಿರುತ್ತಾರೆ. ಅಲ್ಲಿಂದ ಹನಿ ಬೀಳುತ್ತಿದ್ದರೆ, ಕೂಲೆಂಟಿನ ಬಣ್ಣದ ಕರೆ ಒಣಗಿ ಅಂಟಿದ್ದರೆ, ಪಂಪ್ ಬದಲಿಸುವ ಹೊತ್ತು ಬಂತು ಅಂತಲೇ ಲೆಕ್ಕ. ಕೆಲವರು ಅಂಟು ಹಾಕಿ ಆ ತೂತನ್ನೇ ಮುಚ್ಚಿಬಿಡುತ್ತಾರೆ. ದಯವಿಟ್ಟು ಬೇಡ. ನೀರು ಬೇರಿಂಗಿಗೆ ಹೋಗಿ ಗ್ರೀಸ್ ತೊಳೆದರೆ ಪಂಪ್ ದಾರಿಯಲ್ಲೇ ಜಾಮ್ ಆಗಬಹುದು.

ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಪಿಕಪ್ ಒಂದು ಬಂತು. ಇಂಜಿನ್ ಕಾದು ಹೆಡ್ ಬೆಂಡ್ ಆಗಿತ್ತು. "ಹೀಟ್ ಮೀಟರಿನ ಮುಳ್ಳು ಮೇಲೇರಲೇ ಇಲ್ಲ ಅಣ್ಣಾ" ಎಂದ ಡ್ರೈವರ್. ಅವನು ಹೇಳಿದ್ದು ನಿಜ. ನೀರೆಲ್ಲ ಸೋರಿಹೋಗಿ ಸೆನ್ಸರಿಗೆ ಕೂಲೆಂಟ್ ತಾಗದಿದ್ದರೆ ಮುಳ್ಳು ಸರಿಯಾದ ಬಿಸಿ ತೋರಿಸುವುದಿಲ್ಲ. ಅದಕ್ಕೇ ಮುಳ್ಳೊಂದನ್ನೇ ನಂಬಬೇಡಿ ಎನ್ನುತ್ತೇನೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬಾಟಲಿಯಲ್ಲಿ ಕೂಲೆಂಟ್ ಮಟ್ಟ ನೋಡಿ. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಹೋಗುತ್ತಿದೆ, ಅಲ್ವಾ?

ತೋಡಿನ ನೀರು ತುಂಬುವ ಅಭ್ಯಾಸವೂ ನಮ್ಮ ಕಡೆ ಇದೆ. ನೀರು ಎಷ್ಟೇ ತಿಳಿಯಾಗಿರಲಿ, ಒಳಗೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಪುಡಿ ಸೀಲನ್ನು ಉಜ್ಜುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿಯದಿದ್ದರೆ ಬರೀ ನೀರು ಬೇಗ ಕುದಿಯುವುದು ಅದಕ್ಕೇ. ಕಂಪನಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ, ಅವರು ಹೇಳಿದ ಅಳತೆಯಲ್ಲೇ ಬೆರೆಸಿ. ಇಂಜಿನ್ ಬಿಸಿ ಇರುವಾಗ ಮಾತ್ರ ಮುಚ್ಚಳ ಮುಟ್ಟಬೇಡಿ. ಕೈ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಬೇರಿಂಗ್ ನೋಡಲು ಇಂಜಿನ್ ಆಫ್ ಮಾಡಿ, ಬೆಲ್ಟ್ ಬಿಚ್ಚಿ, ಬೆಲ್ಟ್ ಕೂರುವ ಪಂಪಿನ ಪುಲ್ಲಿಯನ್ನು ಅಲುಗಾಡಿಸಿ. ಸಡಿಲವಾಗಿ ಆಡುತ್ತಿದ್ದರೆ, ತಿರುಗಿಸುವಾಗ ಗರಗರ ಅಂದರೆ ಹೊಸದು ಹಾಕಿ. ಬೆಲ್ಟನ್ನು ಸುಮ್ನೆ ಅತಿಯಾಗಿ ಬಿಗಿದರೂ ಬೇರಿಂಗ್ ಬೇಗ ಹೋಗುತ್ತದೆ. ಇಂಜಿನ್ ಕವರಿನ ಒಳಗಿರುವ ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುವ ಇಂಜಿನ್ ಆದರೆ, ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿ. ಅದೇ ಕವರನ್ನು ಮತ್ತೆ ಬಿಚ್ಚುವ ಕೂಲಿ ಉಳಿಯುತ್ತದೆ.