ನೂರಿಪ್ಪತ್ತು ಚಮಚ

ನಮ್ಮ ಚಳ್ಳಕೆರೆಯಲ್ಲಿ "ಮಕ್ಕಳ ಡಾಕ್ಟ್ರ ಹತ್ರ" ಅಂದರೆ ಸಾಕಿತ್ತು. ಆಟೋದವರು ಹೆಸರು ಕೇಳುತ್ತಿರಲಿಲ್ಲ. ಬಳ್ಳಾರಿ ರಸ್ತೆಯಿಂದ ಒಳಗೆ ತಿರುಗಿ, ಎಣ್ಣೆ ಮಿಲ್ಲಿನ ಗೋಡೆ ಮುಗಿಯುವ ಕಡೆ ತಂದು ಇಳಿಸುತ್ತಿದ್ದರು. ಅದಕ್ಕೇ ಈ ಬರಹದಲ್ಲೂ ಅವರ ಹೆಸರು ಹಾಕುತ್ತಿಲ್ಲ. ನಮ್ಮ ಶಾಲೆಗೆ ಅವರು ಏನೇ ಕೊಟ್ಟರೂ ಅದರ ಮೇಲೆ ತಮ್ಮ ಹೆಸರು ಬರೆಸಲು ಬಿಡುತ್ತಿರಲಿಲ್ಲ. ಅವರು ಹೋದ ಮೇಲೆ ಆ ಮಾತು ಮೀರಲು ನನಗೆ ಮನಸ್ಸಿಲ್ಲ. ಹಳಬರಿಗೆ ಯಾರೆಂದು ಗೊತ್ತು. ಈಗಿನ ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಕೇಳಿ.

1993ರ ಏಪ್ರಿಲ್. ನನ್ನ ಎಂಟನೇ ತರಗತಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ನನ್ನ ತಮ್ಮನಿಗೆ ಒಂದೂವರೆ ವರ್ಷ. ಅವ್ವ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ನಮ್ಮೂರ ನೀರಿನ ಪಾಡು ನಿಮಗೆಲ್ಲ ಗೊತ್ತೇ ಇದೆ. ಎಲ್ಲಿ ಸಿಕ್ಕಿತೋ ಅಲ್ಲಿಂದ ಕೊಡಪಾನ ತುಂಬಿಕೊಂಡು ಬರುತ್ತಿದ್ದೆವು. ತಮ್ಮನಿಗೆ ವಾಂತಿ ಭೇದಿ ಶುರುವಾಯಿತು. ಹೊಟ್ಟೆಗೆ ನೀರು ಬಿದ್ದರೆ ಇನ್ನೂ ಜಾಸ್ತಿ ಆಗುತ್ತೆ, ಏನೂ ಕುಡಿಸಬೇಡ ಅಂತ ಅಕ್ಕಪಕ್ಕದವರು ಹೇಳಿದರು. ಅವ್ವ ಒಂದು ರಾತ್ರಿ, ಅರ್ಧ ಹಗಲು ಏನೂ ಕೊಡಲಿಲ್ಲ.

ಮಧ್ಯಾಹ್ನ ಡಾಕ್ಟ್ರ ಹತ್ತಿರ ಹೋದಾಗ ತಮ್ಮನ ಕಣ್ಣು ಗುಳಿ ಬಿದ್ದಿದ್ದವು. ಅಳುತ್ತಿದ್ದ, ಕಣ್ಣೀರು ಬರುತ್ತಿರಲಿಲ್ಲ. ಡಾಕ್ಟ್ರು ಅವನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಅದು ಮಡಿಚಿಕೊಂಡೇ ನಿಂತು, ಆಮೇಲೆ ಮೆಲ್ಲಗೆ ಕೂತಿತು. ಒಂದು ಚಮಚ ನೀರು ಬಾಯಿಗೆ ಹಿಡಿದರು. ಅವನು ಚಮಚವನ್ನೇ ಕಚ್ಚಿಕೊಂಡ.

"ಕುಡೀತಾನೆ. ಹೆದರಬೇಡವ್ವ," ಅಂದರು.

"ಸಾಮಿ, ಒಂದು ಗ್ಲೂಕೋಸ್ ಬಾಟ್ಲಿ ಏರಿಸ್ರಿ. ದುಡ್ಡು ಹೆಂಗಾದ್ರೂ ತರ್ತೀನಿ," ಅಂತ ಅವ್ವ ಕೈ ಮುಗಿದಳು.

"ಬಾಟ್ಲಿ ಒಳಗಿರೋದೂ ಉಪ್ಪು ಸಕ್ಕರೆ ನೀರೇ ಅವ್ವ. ಕುಡಿಯೋಕಾಗದ ಮಗೂಗೆ ಅದನ್ನ ನರಕ್ಕೆ ಹಾಕ್ತೀವಿ. ಇವನಿಗೆ ಬಾಯಿ ಐತಲ್ಲ."

ಆಮೇಲೆ ನನ್ನ ಕಡೆ ತಿರುಗಿ ಯಾವ ಕ್ಲಾಸು ಅಂತ ಕೇಳಿದರು. ಎಂಟು ಅಂದೆ. ತಮ್ಮನನ್ನು ತೂಗಿದರು. ಗಡಿಯಾರದಂಥ ಮುಖ ಇರುವ ಸ್ಪ್ರಿಂಗ್ ತಕ್ಕಡಿ. ಕೆಳಗೆ ಬಟ್ಟೆಯ ಚಡ್ಡಿ ತೂಗಾಡುತ್ತಿತ್ತು, ಅದರಲ್ಲಿ ಮಗುವನ್ನು ಕೂರಿಸುವುದು. ಮುಳ್ಳು ಸರಿಯಾಗಿ 8ಕ್ಕೆ ನಿಂತಿತು.

"ಒಂದು ಕೆ.ಜಿ.ಗೆ 75 ಎಂ.ಎಲ್. ಉಪ್ಪು ಸಕ್ಕರೆ ನೀರು ಕುಡಿಸಬೇಕು. ಎಂಟು ಕೆ.ಜಿ.ಗೆ ಎಷ್ಟು?"

"600 ಸಾರ್."

"ಈ ಚಮಚಕ್ಕೆ 5 ಎಂ.ಎಲ್. ಹಿಡಿಯುತ್ತೆ. ಎಷ್ಟು ಚಮಚ?"

"120."

"ನಾಲ್ಕು ಗಂಟೆಯಲ್ಲಿ ಮುಗಿಸಬೇಕು. ಎಷ್ಟು ನಿಮಿಷಕ್ಕೊಂದು?"

ನಾನು ಬೆರಳು ಮಡಚಿ ಲೆಕ್ಕ ಹಾಕಿ, ಎರಡು ನಿಮಿಷಕ್ಕೊಂದು ಅಂದೆ.

"ಮತ್ತೆ ಕೂತ್ಕೋ. ಇವತ್ತು ಡಾಕ್ಟ್ರು ನೀನೇ," ಅಂತ ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಮುಂದೆ ಇಟ್ಟರು.

ನೆಲದ ಮೇಲೆ ಕೂತು, ಸ್ಲೇಟಿನ ಮೇಲೆ ಗೀಟು ಹಾಕುತ್ತಾ ಕುಡಿಸಿದೆ. 43ನೇ ಚಮಚಕ್ಕೆ ತಮ್ಮ ಎಲ್ಲ ಕಕ್ಕಿಬಿಟ್ಟ. ನಾನು ಅಳುತ್ತಾ ಎದ್ದೆ. ಡಾಕ್ಟ್ರು ಒಳಗಿಂದಲೇ, "ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡು, ಈಗ ಇನ್ನೂ ನಿಧಾನ," ಅಂದರು. ನಡುನಡುವೆ ಅವ್ವ ಎದೆಹಾಲು ಕೊಟ್ಟಳು, ಅದನ್ನು ನಿಲ್ಲಿಸಬಾರದು ಅಂತ ಹೇಳಿದ್ದರು. ತೊಂಬತ್ತು ದಾಟಿದ ಮೇಲೆ ನನ್ನ ಲಂಗ ಒದ್ದೆಯಾಯಿತು. ಡಾಕ್ಟ್ರಿಗೆ ಹೇಳಿದಾಗ ಅವರ ಮುಖ ಅರಳಿತು. "ಉಚ್ಚೆ ಹೊಯ್ದನಾ? ಟೈಮ್ ಬರ್ಕೋ, ಟೈಮ್ ಬರ್ಕೋ!" ಸಂಜೆ ಮತ್ತೆ ಹೊಟ್ಟೆಯ ಚರ್ಮ ಎತ್ತಿ ಬಿಟ್ಟರು. ತಟ್ಟನೆ ಕೂತಿತು.

ಆವತ್ತು ಅವರು ತಗೊಂಡಿದ್ದು ಐದು ರೂಪಾಯಿ. ನೀರಿಗೆ ಕಲಸುವ ಉಪ್ಪು ಸಕ್ಕರೆ ಪುಡಿಯ (ಓಆರ್‌ಎಸ್) ಪೊಟ್ಟಣಕ್ಕೆ ದುಡ್ಡು ಇಸಿದುಕೊಳ್ಳಲಿಲ್ಲ. ಒಂದು ಪೊಟ್ಟಣಕ್ಕೆ ಒಂದು ಲೀಟರ್ ನೀರು, ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ ಅಂತ ನಮ್ಮ ಲೋಟ ತರಿಸಿ ಅಳೆದು, ಐದು ಲೋಟ ಅಂತ ಅವ್ವನ ಬಾಯಲ್ಲೇ ಹೇಳಿಸಿದರು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ತಲೆಮಟ್ಟ. ಕಲಸಿದ ನೀರು ಒಂದು ದಿನಕ್ಕೆ ಮಾತ್ರ. ಮಾರನೇ ದಿನಕ್ಕೆ ಚೆಲ್ಲಿ ಹೊಸದು ಮಾಡಬೇಕು.

ಡಾಕ್ಟ್ರು ನಮ್ಮ ತಾಲ್ಲೂಕಿನವರೇ. ಅವರ ತಂದೆ ಕಂಬಳಿ ನೇಯುತ್ತಿದ್ದರು. ನಮ್ಮ ಶಾಲೆಯ ಬೆಂಚಿನ ಮೇಲೇ ಓದಿದವರು. ಆಮೇಲೆ ಚಿತ್ರದುರ್ಗದಲ್ಲಿ ಪಿಯುಸಿ, ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್. ಅಲ್ಲಿನ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ರಾತ್ರಿ ಡ್ಯೂಟಿ ಮಾಡುವಾಗಲೇ ಮಕ್ಕಳ ಡಾಕ್ಟರ್ ಆಗಬೇಕು ಅಂತ ನಿಶ್ಚಯ ಮಾಡಿದ್ದರಂತೆ. ಮಕ್ಕಳ ವೈದ್ಯದ ಡಿಪ್ಲೊಮಾ ಡಿಸಿಎಚ್ ಮುಗಿಸಿ 1981ರಲ್ಲಿ ಊರಿಗೆ ಬಂದರು. ಬೆಂಗಳೂರಲ್ಲಿ ಕೆಲಸ ಸಿಗುತ್ತಿತ್ತು. ಯಾಕೆ ಬಂದಿರಿ ಅಂತ ನಾನೊಮ್ಮೆ ಕೇಳಿದ್ದೆ. "ಇಲ್ಲಿನ ತಾಯಂದಿರ ಮಾತು ನನಗೆ ಅರ್ಥ ಆಗುತ್ತೆ, ಅದಕ್ಕೆ," ಅಂದರು. ಅಷ್ಟೇ. ಅದು ನಿಜವೂ ಹೌದು. ರಾಯದುರ್ಗದ ಕಡೆಯಿಂದ ಬಂದವರ ಜೊತೆ ತೆಲುಗು, ನಮ್ಮ ಜೊತೆ ನಮ್ಮ ಕನ್ನಡ. ಯಾವ ತಾಯಿಯೂ ಅವರ ಮುಂದೆ ಮಾತಿಗೆ ತಡವರಿಸಿದ್ದನ್ನು ನಾನು ನೋಡಲಿಲ್ಲ.

ಅವರು ಸೂಜಿ ಹಾಕುವುದು ಬಹಳ ಕಮ್ಮಿ. ಇದರಿಂದ ಮೊದಮೊದಲು ಜನ ಬೇಸರ ಮಾಡಿಕೊಂಡಿದ್ದರಂತೆ. ಕೆಮ್ಮು ಅಂತ ಬಂದರೆ ಮಗುವಿನ ಅಂಗಿ ಎತ್ತಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಿದ್ದರು. ಹೊರಗೆ ನಲವತ್ತು ಜನ ಕಾದಿದ್ದರೂ ಅರ್ಧ ನಿಮಿಷಕ್ಕೆ ಎಣಿಸಿ ಎರಡರಿಂದ ಗುಣಿಸಿದವರಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನ ಮಗುವಿಗೆ 50, ಅದಕ್ಕಿಂತ ದೊಡ್ಡದಕ್ಕೆ 40. ಅಲ್ಲಿಗೆ ಮುಟ್ಟಿದರೆ ನ್ಯುಮೋನಿಯಾ ಇರಬಹುದು, ಔಷಧಿ ಬೇಕು. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಆ ಕ್ಷಣವೇ ದುರ್ಗದ ಆಸ್ಪತ್ರೆಗೆ. ಇಲ್ಲದಿದ್ದರೆ ಬರೀ ನೆಗಡಿ, ಬೆಚ್ಚಗೆ ಇಟ್ಟರೆ ಸಾಕು. ಈ ಲೆಕ್ಕವನ್ನು ಅಂಗನವಾಡಿ ಟೀಚರುಗಳಿಗೂ ನರ್ಸಮ್ಮಂದಿರಿಗೂ ಬಾಯಿಪಾಠ ಮಾಡಿಸಿದ್ದರು.

ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಅವರನ್ನು ಪಾಠಕ್ಕೆ ಕರೆಸಿದರು. ಆ ಒಂದು ಗಂಟೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. 1971ರಲ್ಲಿ ಬಾಂಗ್ಲಾದಿಂದ ಲಕ್ಷಾಂತರ ಜನ ಗಡಿ ದಾಟಿ ಬಂದಾಗ ಪಶ್ಚಿಮ ಬಂಗಾಳದ ಬೊಂಗಾಂವ್ ಅನ್ನುವ ಊರಿನ ಶಿಬಿರಗಳಲ್ಲಿ ಕಾಲರಾ ಬಿತ್ತು. ನರಕ್ಕೆ ಏರಿಸುವ ಸಲೈನ್ ಬಾಟ್ಲಿ ಖಾಲಿಯಾಯಿತು. ಆಗ ದಿಲೀಪ್ ಮಹಾಲನಬೀಸ್ ಅನ್ನುವ ಡಾಕ್ಟ್ರು ಉಪ್ಪು ಮತ್ತು ಗ್ಲೂಕೋಸನ್ನು ನೀರಿಗೆ ಕಲಸಿ ಡ್ರಮ್ಮುಗಳಲ್ಲಿ ಇಟ್ಟು, ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ಅವರ ನಿಗಾದಲ್ಲಿದ್ದವರಲ್ಲಿ ಸಾವು ನೂರಕ್ಕೆ 3.6ಕ್ಕೆ ಇಳಿಯಿತು. "ಅವರೂ ಮಕ್ಕಳ ಡಾಕ್ಟ್ರೇ," ಅಂತ ನಮ್ಮ ಡಾಕ್ಟ್ರು ಹೇಳುವಾಗ ಅವರ ದನಿ ಬೇರೆಯೇ ಆಗಿತ್ತು. ಆ ವರ್ಷ ಇವರು ಮೈಸೂರಲ್ಲಿ ಇನ್ನೂ ಓದುತ್ತಿದ್ದರು. ಉಪ್ಪಿನ ಜೊತೆ ಸಕ್ಕರೆ ಯಾಕೆ ಅಂತ ಬೋರ್ಡಿನ ಮೇಲೆ ಕರುಳಿನ ಚಿತ್ರ ಬರೆದರು. ಭೇದಿ ಆಗುವಾಗಲೂ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವ ಬಾಗಿಲು ತೆರೆದೇ ಇರುತ್ತೆ. ಸಕ್ಕರೆ ಉಪ್ಪಿನ ಕೈ ಹಿಡಿದುಕೊಂಡು ಒಳಗೆ ಹೋಗುತ್ತೆ, ಅವುಗಳ ಹಿಂದೆ ನೀರು ಹೋಗುತ್ತೆ. ಆಮೇಲೆ ನನ್ನನ್ನು ಎಬ್ಬಿಸಿ ತಮ್ಮನ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದರು. ನಾನು ಈಗ ಗಣಿತದ ಟೀಚರ್. ಆ ಸೀಮೆಸುಣ್ಣ ಕೈಗೆ ಬಂದದ್ದು ಆವತ್ತೇ ಅಂತ ನಾನು ನಂಬಿದ್ದೇನೆ.

ತಾಯಂದಿರ ಜೊತೆ ಅವರು ಮಾತಾಡುತ್ತಿದ್ದ ರೀತಿಯನ್ನು ಬರೆಯದೆ ಇದ್ದರೆ ಈ ಲೇಖನ ಬರೆದೂ ಉಪಯೋಗವಿಲ್ಲ. ಹೆರಿಗೆಯಾದ ಮೊದಲ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲುವ ಪದ್ಧತಿ ನಮ್ಮ ಕಡೆ ಇತ್ತು. "ಎಮ್ಮೆ ಈದರೆ ಗಿಣ್ಣು ಕಾಸಿ ಕೇರಿಗೆಲ್ಲ ಹಂಚಿ ತಿಂತೀರಿ. ನಿಮ್ಮ ಕೂಸಿನ ಪಾಲಿನ ಗಿಣ್ಣು ಮಣ್ಣಿಗೆ ಹಾಕ್ತೀರಲ್ಲ ತಾಯಿ," ಅನ್ನುತ್ತಿದ್ದರು. ಆ ಒಂದು ಮಾತಿಗೆ ಬಾಣಂತಿಯ ಜೊತೆ ಬಂದ ಅಜ್ಜಿಯೂ ಒಪ್ಪುತ್ತಿದ್ದಳು.

ದಡಾರ ಎದ್ದರೆ ಅಮ್ಮ ಬಂದಿದ್ದಾಳೆ ಅಂತ ಆಸ್ಪತ್ರೆಗೆ ಕರೆತರುತ್ತಿರಲಿಲ್ಲ. ಗೌರಸಮುದ್ರದ ಮಾರಮ್ಮನ ಸೀಮೆ ನಮ್ಮದು. ಡಾಕ್ಟ್ರು ಆ ನಂಬಿಕೆಯನ್ನು ಒಂದು ದಿನವೂ ಹೀಗಳೆಯಲಿಲ್ಲ. ತಾವೇ ಮನೆ ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. "ಅಮ್ಮನ ಪೂಜೆ ನೀವು ಮಾಡ್ರಿ. ಮಗೂ ಕಣ್ಣು ನಾನು ಕಾಯ್ತೀನಿ," ಅಂತ ವಿಟಮಿನ್ ಎ ಹನಿ ಹಾಕಿ ಬರುತ್ತಿದ್ದರು. ದಡಾರದ ಬೆನ್ನಿಗೆ ಕಣ್ಣು ಹೋಗುವುದು ಆ ಜೀವಸತ್ವ ಬರಿದಾದ ಮಕ್ಕಳಿಗೆ. ಅವರು ಊರಿಗೆ ಬಂದ ಹೊಸತರಲ್ಲಿ ಹಾಗೆ ಕಣ್ಣು ಕಳೆದುಕೊಂಡ ಒಂದು ಹುಡುಗಿಯನ್ನು ನೋಡಿದ್ದರು. ಆ ಹುಡುಗಿಯ ಮಾತು ಬಂದಾಗಲೆಲ್ಲ ಸುಮ್ಮನಾಗಿಬಿಡುತ್ತಿದ್ದರು.

ಅವರ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಬಳೆ ಇರುತ್ತಿತ್ತು. ಒಳಗಿನ ಅಗಲ 4 ಸೆಂಟಿಮೀಟರ್. ಒಂದರಿಂದ ಐದು ವರ್ಷದ ಮಗುವಿಗೆ ತೊಡಿಸಿ ನೋಡುವುದು. ಮೊಣಕೈ ದಾಟಿ ತೋಳಿಗೆ ಸಲೀಸಾಗಿ ಏರಿದರೆ ಆ ಮಗು ಸೊರಗಿದೆ ಅಂತ ಅರ್ಥ. ಸೊರಗಿದ ಮಗುವಿಗೆ ಟಾನಿಕ್ ಬರೆಯುತ್ತಿರಲಿಲ್ಲ. ಹುರಿದ ಶೇಂಗಾ ಪುಡಿ, ಬೆಲ್ಲ, ರಾಗಿ ಗಂಜಿ, ಮೇಲೊಂದು ಚಮಚ ಎಣ್ಣೆ. "ದೇಶಕ್ಕೆಲ್ಲ ಎಣ್ಣೆ ಕಳಿಸೋ ಊರು ನಮ್ದು. ಶೇಂಗಾ ಆರಿಸೋ ತಾಯಿ ಮಗೂನೇ ಹಿಂಗಿದ್ರೆ ಹೆಂಗೆ?" ಅಂತ ಅವ್ವನಿಗೂ ಕೇಳಿದ್ದರು. ಮಾರನೇ ವಾರದಿಂದ ಮಿಲ್ಲಿನ ಹೆಂಗಸರು ಮಡಿಲಲ್ಲಿ ಒಂದು ಹಿಡಿ ಶೇಂಗಾ ಮನೆಗೆ ಒಯ್ಯಬಹುದು ಅಂತಾಯಿತು. ಮಾಲೀಕರ ಜೊತೆ ಮಾತಾಡಿದವರು ಯಾರು ಅಂತ ನಮಗೆ ಬಹಳ ದಿನ ಗೊತ್ತಾಗಲಿಲ್ಲ.

ಅವರಿಗೆ ನಿಜವಾಗಿ ಸಿಟ್ಟು ಬರುತ್ತಿದ್ದುದು ನಿಪ್ಪಲ್ ಬಾಟ್ಲಿ ಕಂಡಾಗ. ಕಿತ್ತುಕೊಂಡು ಮೂಲೆಯ ಬುಟ್ಟಿಗೆ ಹಾಕುತ್ತಿದ್ದರು. ಹಾಲಿನ ಪುಡಿ, ಬಾಟ್ಲಿಗಳ ಜಾಹೀರಾತಿಗೆ ತಡೆ ಹಾಕುವ ಕಾನೂನು 1992ರಲ್ಲಿ ಬಂದಾಗ ಅದನ್ನು ಕನ್ನಡದಲ್ಲಿ ಕೈಯಾರೆ ಬರೆದು ಗೋಡೆಗೆ ಅಂಟಿಸಿದ್ದರು.

1995ರ ಡಿಸೆಂಬರಿನಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಮೊದಲ ಸಲ ಮೂರು ವರ್ಷದೊಳಗಿನ ಮಕ್ಕಳಿಗೆ, ಮರುವರ್ಷದಿಂದ ಐದು ವರ್ಷದವರೆಗೆ. ನಾನು ಆಗ ಪಿಯುಸಿ. ಡಾಕ್ಟ್ರು ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳನ್ನೆಲ್ಲ ಕರೆದರು. ನನ್ನ ತರಗತಿಯಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಹುಡುಗನಿದ್ದ. ಹನಿ ಹಾಕಿಸಿಕೊಂಡ ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವ ಕೆಲಸವನ್ನು ಅವನೇ ಕೇಳಿ ಪಡೆದ. ಸಂಜೆ ಪಟ್ಟಿಯಲ್ಲಿ ಉಳಿದ ಹೆಸರು ಹಿಡಿದು ಕುರಿಹಟ್ಟಿಗಳಿಗೆ ಹೋದೆವು. ಕುರಿ ಹೊಡೆದುಕೊಂಡು ಹೊರಟವರನ್ನು ದಾರಿಯಲ್ಲಿ ನಿಲ್ಲಿಸಿ ಹನಿ ಹಾಕಿದ್ದೂ ಉಂಟು. ನಮ್ಮ ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು, ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊ ಹೋಯಿತು ಅಂತ ಅಧಿಕೃತವಾಗಿ ಸಾರಿದರು. ಆ ರಾತ್ರಿ ಡಾಕ್ಟ್ರು ನನಗೆ ಫೋನ್ ಮಾಡಿ ಆ ಹುಡುಗನ ನಂಬರ್ ಕೇಳಿದರು. ಅವನಿಗೆ ತಾವೇ ಹೇಳಬೇಕಿತ್ತಂತೆ.

ಎಪ್ಪತ್ತು ದಾಟಿದ ಮೇಲೂ ಬೆಳಗಿನ ಹೊತ್ತು ಕೂರುತ್ತಿದ್ದರು. ಫೀಸು ಕೊನೆಗೆ ಐವತ್ತಕ್ಕೆ ಬಂದಿತ್ತು, ಅದನ್ನೂ ಅರ್ಧ ಜನರ ಹತ್ತಿರ ತಗೊಳ್ಳುತ್ತಿರಲಿಲ್ಲ. ಹೊಸದು ಏನು ಬಂದರೂ ಓದುತ್ತಿದ್ದರು. ಭೇದಿಯಾದ ಮಕ್ಕಳಿಗೆ 14 ದಿನ ಸತುವಿನ ಮಾತ್ರೆ ಕೊಡಬೇಕು ಅಂತ ಬಂದಾಗ, ಪೊಟ್ಟಣದಲ್ಲಿ ಉಪ್ಪು ಸಕ್ಕರೆ ಎರಡನ್ನೂ ಕಮ್ಮಿ ಮಾಡಿದಾಗ, ಯಾಕೆ ಅಂತ ನನಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದ್ದರು. ಮಹಾಲನಬೀಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಪದ್ಮವಿಭೂಷಣ ಬಂತು. "ಇರೋವಾಗ ಕೊಡಬೇಕಿತ್ತು ಮಗಾ," ಅಂತ ಡಾಕ್ಟ್ರು ಬಹಳ ಹೊತ್ತು ಅದನ್ನೇ ಹೇಳಿದರು. ನನ್ನ ಮನಸ್ಸಿಗೆ ಆಗಲೇ ಅನ್ನಿಸಿತ್ತು, ಇವರ ಬಗ್ಗೆ ಇವರಿರುವಾಗಲೇ ನಮ್ಮ ಶಾಲೆಯ ಪತ್ರಿಕೆಗೆ ಬರೆಯಬೇಕು ಅಂತ. ಬರೆಯಲಿಲ್ಲ. ಆ ತಪ್ಪು ನನ್ನದು.

ಅವರು ಹೋದ ಮೇಲೆ ಮನೆಯವರು ಆ ಸ್ಪ್ರಿಂಗ್ ತಕ್ಕಡಿಯನ್ನು ಶಾಲೆಯ ಪಕ್ಕದ ಅಂಗನವಾಡಿಗೆ ಕೊಟ್ಟರು. ಚಡ್ಡಿ ಮಾತ್ರ ಹೊಸದು. ಹೋದ ತಿಂಗಳು ನಾನು ಊರಿಗೆ ಬಂದಾಗ ತಮ್ಮ ತನ್ನ ಮಗಳನ್ನು ತೂಗಿಸಲು ಹೊರಟಿದ್ದ. ನಾನೂ ಹೋದೆ. ಅವನೇ ಕೂಸನ್ನು ಚಡ್ಡಿಯಲ್ಲಿ ಕೂರಿಸಿದ. ಅದು ಕಾಲಾಡಿಸುತ್ತಿತ್ತು. ಮುಳ್ಳು ಅಲುಗಾಡುವುದು ನಿಲ್ಲುವವರೆಗೆ ಕಾದೆವು. 8 ಕೆ.ಜಿ. 900 ಗ್ರಾಂ. ಟೀಚರು ಕಾರ್ಡು ನನ್ನ ಕೈಗೆ ಕೊಟ್ಟರು, ನಾನು ಬರೆದೆ.