69.4ರಲ್ಲಿ ನಿಂತ ತೂಕ

78 ಕಿಲೋದಿಂದ 70ರ ಕೆಳಗೆ ಇಳಿಯುವವರೆಗೆ ನನ್ನ ದೇಹ ಹೇಳಿದಂತೆ ಕೇಳಿತ್ತು. ರಾತ್ರಿಯ ಅನ್ನ, ಆಫೀಸಿನ ಸಂಜೆಯ ವಡಾಪಾವ್, ಚಹಾದ ಸಕ್ಕರೆ ಇವೆಲ್ಲವನ್ನೂ ಬಿಟ್ಟು, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯ ಸುತ್ತ ಬೆಳಗಿನ ನಡಿಗೆ ಆರಂಭಿಸಿದ ಮೇಲೆ ತೂಕ ವಾರದಿಂದ ವಾರಕ್ಕೆ ಇಳಿಯುತ್ತ, ಮಳೆಗಾಲ ಹಿಡಿಯುವ ಹೊತ್ತಿಗೆ 69.4ಕ್ಕೆ ಬಂದಿತು. ಅಲ್ಲಿಂದ ಮುಂದೆ ಅದು ಇಳಿಯಲೇ ಇಲ್ಲ. ಚೌತಿ ಕಳೆಯಿತು, ನವರಾತ್ರಿ ಕಳೆಯಿತು, ದೀಪಾವಳಿಯೂ ಬಂದು ಹೋಯಿತು. ಬೆಳಿಗ್ಗೆ ಯಂತ್ರದ ಮೇಲೆ ನಿಂತರೆ ಒಮ್ಮೆ ನೂರು ಗ್ರಾಂ ಕಡಿಮೆ, ಮರುದಿನ ಇನ್ನೂರು ಗ್ರಾಂ ಹೆಚ್ಚು, ವಾರದ ಕೊನೆಗೆ ಮತ್ತೆ ಅದೇ ಅಂಕಿ.

ಈ ಸ್ಥಿತಿಯಲ್ಲಿರುವವರಿಗೆ ಸುತ್ತಲಿನವರು ಕೊಡುವ ಸಲಹೆ ಒಂದೇ: ಇನ್ನೂ ಸ್ವಲ್ಪ ಕಡಿಮೆ ತಿನ್ನಿ. ನಾನೂ ಬೆಳಗಿನ ಎರಡು ನೀರುದೋಸೆಯನ್ನು ಒಂದಕ್ಕೆ ಇಳಿಸಿದೆ, ಮಧ್ಯಾಹ್ನದ ಡಬ್ಬಿಯಲ್ಲಿ ಪಲ್ಯವೇ ಊಟವಾಯಿತು. ದಿನದ ಒಟ್ಟು ಆಹಾರ 1,300 ಕ್ಯಾಲೊರಿಯ ಆಸುಪಾಸಿನಲ್ಲಿತ್ತು. ನಾಲಗೆಯ ಹಿಡಿತ ಸಾಲದು ಎಂದು ಎದುರಿಗೇ ಹೇಳಿದವರೂ ಇದ್ದರು. ಅಷ್ಟು ತಿಂಗಳು ಹಿಡಿತದಲ್ಲಿದ್ದವರಿಗೆ ಈ ಮಾತು ಎಷ್ಟು ನೋವು ಕೊಡುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಕೊನೆಗೆ ಮಾಟುಂಗಾದಲ್ಲಿ ಚಿಕಿತ್ಸಾಲಯ ನಡೆಸುವ, ಧಾರವಾಡ ಕಡೆಯ ಹಿರಿಯ ವೈದ್ಯರೊಬ್ಬರ ಬಳಿಗೆ ಹೋದೆ. ಅವರು ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿ, ಎರಡೂ ಸರಿಯಿವೆಯೆಂದು ಖಚಿತಪಡಿಸಿಕೊಂಡ ಮೇಲೆ, ಟೇಪು ಹಿಡಿದು ಸೊಂಟದ ಅಳತೆ ತೆಗೆಸಿದರು. 92 ಸೆಂಟಿಮೀಟರ್ ಬಂತು. ಭಾರತೀಯ ಮಹಿಳೆಯರಿಗೆ ಸೊಂಟದ ಸುತ್ತಳತೆಯ ಮಿತಿ 80 ಸೆಂಟಿಮೀಟರ್, ಗಂಡಸರಿಗೆ 90. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಸೂಚ್ಯಂಕವೂ ನಮ್ಮವರಲ್ಲಿ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ನನ್ನದು 28. ಹೀಗಾಗಿ ‘ಸಾಕು ಬಿಡಿ, ಇಷ್ಟಿದ್ದರೆ ಚೆನ್ನಾಗಿಯೇ ಕಾಣುತ್ತೀರಿ’ ಎಂಬ ಸಮಾಧಾನಕ್ಕೆ ಅಲ್ಲಿ ಅವಕಾಶವಿರಲಿಲ್ಲ.

ಬರೆದುಕೊಂಡು ಹೋಗಿದ್ದ ಊಟದ ಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಓದಿ, ಪಕ್ಕಕ್ಕೆ ಸರಿಸಿದರು.

“ಊಟದ್ದು ಆಮ್ಯಾಲೆ ನೋಡೋಣ್ರಿ. ಸಂಜೀಕೆ ಮನಿಗೆ ಬಂದ ಮ್ಯಾಲೆ ಏನ್ ಮಾಡ್ತೀರಿ, ಅದನ್ನ ಹೇಳ್ರಿ.”

“ಕೂತುಕೊಳ್ತೇನೆ ಡಾಕ್ಟ್ರೇ. ಮತ್ತೆ ಏಳ್ಲಿಕ್ಕೆ ಆಗುದಿಲ್ಲ.”

“ಹ್ವಾದ ವರ್ಷನೂ ಹಿಂಗ ಇತ್ತೇನ್ರಿ?”

ನಾನು ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಹಿಂದಿನ ವರ್ಷ ಒಂಬತ್ತು ಕಿಲೋ ಹೆಚ್ಚು ಭಾರವಿದ್ದಾಗ ನಾನು ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದು, ಮಾರುಕಟ್ಟೆಯಲ್ಲಿ ಬಸಳೆಯನ್ನೋ ಮೀನನ್ನೋ ಕೊಂಡು, ನಡೆದೇ ಮನೆ ಸೇರಿ, ಅಡುಗೆ ಮುಗಿಸಿ, ರಾತ್ರಿ ಮರುದಿನದ ಬಟ್ಟೆಗೆ ಇಸ್ತ್ರಿಯನ್ನೂ ಹಾಕುತ್ತಿದ್ದೆ. ಈಗ ಸ್ಟೇಷನ್ನಿನಿಂದ ರಿಕ್ಷಾ, ತರಕಾರಿ ಮನೆ ಬಾಗಿಲಿಗೆ, ಬಟ್ಟೆ ಇಸ್ತ್ರಿಯವನ ಕೈಗೆ, ಕೂತಲ್ಲಿಂದಲೇ ಮಗಳಿಗೆ “ಒಂಚೂರು ನೀರು ತಾ ಮಗಾ” ಎಂಬ ಕೂಗು. ಇವುಗಳಲ್ಲಿ ಯಾವುದನ್ನೂ ನಾನು ಯೋಚಿಸಿ ಬದಲಿಸಿರಲಿಲ್ಲ. ಸಂಬಳ ಕಡಿಮೆಯಾದ ಮನೆಯಲ್ಲಿ ಸದ್ದಿಲ್ಲದೆ ಒಂದೊಂದೇ ಖರ್ಚು ನಿಲ್ಲುವಂತೆ, ಕಡಿಮೆ ಆಹಾರ ಸಿಕ್ಕ ದೇಹ ತನ್ನ ಓಡಾಟವನ್ನು ತಾನೇ ಕಡಿತಗೊಳಿಸಿತ್ತು.

ವೈದ್ಯರು ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದರು. ವಿಶ್ರಾಂತಿಯಲ್ಲಿರುವ ದೇಹಕ್ಕೆ ಬೇಕಾದ ಶಕ್ತಿಯನ್ನು ಅಂದಾಜು ಮಾಡುವ, 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜೊರ್ ಸೂತ್ರದಲ್ಲಿ ಒಂದು ಕಿಲೋಗೆ 10 ಕ್ಯಾಲೊರಿ. ಒಂಬತ್ತು ಕಿಲೋ ಇಳಿಸಿದವಳಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 90 ಕ್ಯಾಲೊರಿ ಕಡಿಮೆ ಸಾಕು. ಹಗುರವಾದ ದೇಹವನ್ನು ಹೊತ್ತು ನಡೆಯುವುದಕ್ಕೂ ಮೊದಲಿನಷ್ಟು ಶಕ್ತಿ ಬೇಡ. ಅದರ ಮೇಲೆ ಸಂಜೆಯ ಓಡಾಟವೂ ನಿಂತರೆ ಆಹಾರದಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಸರಿಹೋಗುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944ರ ನವೆಂಬರಿನಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ಆರಂಭಿಸಿದ ಪ್ರಯೋಗದ ಬಗ್ಗೆ ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಯುದ್ಧಕ್ಕೆ ಹೋಗಲು ನಿರಾಕರಿಸಿದ್ದ 36 ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ದು ತೂಕದ ಕಾಲು ಭಾಗದಷ್ಟನ್ನು ಕಳೆದುಕೊಂಡರು. ಅವರು ಸೋಮಾರಿಗಳಾಗಿರಲಿಲ್ಲ, ಆದರೂ ಅವರ ಓಡಾಟ ತಾನಾಗಿಯೇ ಕುಗ್ಗಿತು, ದೇಹ ವಿಶ್ರಾಂತಿಯಲ್ಲಿ ಉರಿಸುವ ಶಕ್ತಿಯೂ ಕುಗ್ಗಿತು. ಇನ್ನೊಂದು ಪ್ರಯೋಗ 1999ರದು. ಮೇಯೋ ಕ್ಲಿನಿಕ್ಕಿನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 16 ಮಂದಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿ ತಿನ್ನಿಸಿದಾಗ ಒಬ್ಬರ ಕೊಬ್ಬು ಅರ್ಧ ಕಿಲೋವೂ ಹೆಚ್ಚಲಿಲ್ಲ, ಮತ್ತೊಬ್ಬರದು ನಾಲ್ಕು ಕಿಲೋ ದಾಟಿತು. ಈ ಅಂತರವನ್ನು ತಂದದ್ದು ಬಹುಮಟ್ಟಿಗೆ ವ್ಯಾಯಾಮವಲ್ಲದ ಸಣ್ಣಪುಟ್ಟ ಚಲನೆಗಳು: ಏಳುವುದು, ನಿಲ್ಲುವುದು, ಅತ್ತಿತ್ತ ಸುಳಿಯುವುದು.

ಅವರ ಸಲಹೆ ಕೇಳಿ ನನಗೆ ಭಯವಾಯಿತು. ಕೆಲವು ವಾರ ತೂಕ ಇಳಿಸುವ ಯೋಚನೆಯನ್ನೇ ಬಿಟ್ಟು, ದಿನಕ್ಕೆ ಸುಮಾರು 1,700 ಕ್ಯಾಲೊರಿ ತಿನ್ನಬೇಕಿತ್ತು. ಆಸ್ಟ್ರೇಲಿಯಾದಲ್ಲಿ 51 ಗಂಡಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವಾರ ಪಥ್ಯ, ಎರಡು ವಾರ ಬಿಡುವು ಎಂಬ ಕ್ರಮದಲ್ಲಿ ನಡೆದವರು ಬಿಡುವಿಲ್ಲದೆ ಪಥ್ಯ ಮಾಡಿದವರಿಗಿಂತ ಹೆಚ್ಚು ತೂಕ ಇಳಿಸಿದ್ದರು. ನಂತರದ ಎಲ್ಲ ಅಧ್ಯಯನಗಳಲ್ಲಿ ಅದೇ ಫಲ ಕಂಡಿಲ್ಲವೆಂಬುದನ್ನೂ ವೈದ್ಯರು ಮುಚ್ಚಿಡಲಿಲ್ಲ. ನನ್ನ ವಿಷಯದಲ್ಲಿ ಅವರು ಬಯಸಿದ್ದು ಇಷ್ಟೇ, ಏಳಲು ತ್ರಾಣ ಬರಬೇಕು. ಮೊಟ್ಟೆ, ಹೆಸರುಕಾಳು, ಮೊಸರು, ಮೀನು ಹೆಚ್ಚಬೇಕು. ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮ ಮಾಡಬೇಕು. ಸಂಜೆಯ ಮಾರುಕಟ್ಟೆ, ನಡಿಗೆ ಮರಳಿ ಬರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ನಿಗದಿ ಮಾಡಿದೆ. ನನ್ನ ಪಲ್ಯದ ಡಬ್ಬಿ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಆ ರಾತ್ರಿ ಬಹಳ ಕಾಲದ ಮೇಲೆ ಒಂದು ಬಟ್ಟಲು ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಎರಡು ಬಂಗುಡೆಯ ಪುಳಿಮುಂಚಿಯೊಂದಿಗೆ ಊಟಕ್ಕೆ ಕುಳಿತೆ. ಅನ್ನದ ಬಿಸಿಗೆ ಹುಣಸೆ ಮೆಣಸಿನ ಘಾಟು ಸೇರಿ ಮೂಗಿಗೆ ಬಡಿದಾಗ ಕಣ್ಣಲ್ಲಿ ನೀರು ತುಂಬಿತು. ಅದು ಮೆಣಸಿನಿಂದ ಮಾತ್ರ ಬಂದ ನೀರಲ್ಲ. ಒಂದು ವಾರದಲ್ಲಿ ತೂಕ 70.6ಕ್ಕೆ ಏರಿತು. ಅದು ಕೊಬ್ಬಲ್ಲ, ಸ್ನಾಯುಗಳಲ್ಲಿ ಮತ್ತೆ ತುಂಬಿಕೊಂಡ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಮತ್ತು ಅದರ ಪ್ರತಿ ಗ್ರಾಮಿನ ಜೊತೆ ಸೇರುವ ಸುಮಾರು ಮೂರು ಗ್ರಾಂ ನೀರು ಎಂದು ವೈದ್ಯರು ಮೊದಲೇ ಹೇಳಿರದಿದ್ದರೆ ನಾನು ಅಲ್ಲಿಗೇ ಎಲ್ಲವನ್ನೂ ಬಿಡುತ್ತಿದ್ದೆ. ಈ ವಿವರವನ್ನು ತೂಕ ಇಳಿಸಲು ಹೊರಟ ಪ್ರತಿಯೊಬ್ಬರಿಗೂ ಮೊದಲ ದಿನವೇ ತಿಳಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬದಲಾವಣೆ ನನಗೆ ಮೊದಲು ಗೊತ್ತಾದದ್ದು ದಾದರ್ ಸ್ಟೇಷನ್ನಿನಲ್ಲಿ. ಡೊಂಬಿವಲಿಯಿಂದ ಬಂದು ಅಲ್ಲಿ ಸೆಂಟ್ರಲ್ ಮಾರ್ಗದಿಂದ ವೆಸ್ಟರ್ನ್ ಮಾರ್ಗಕ್ಕೆ ಬದಲಾಯಿಸುವ ನಾನು, ಸೇತುವೆ ಹತ್ತಲು ಎಸ್ಕಲೇಟರಿನ ಗುಂಪಿನಲ್ಲಿ ಕಾಯುವುದನ್ನು ತಿಂಗಳುಗಳಿಂದ ರೂಢಿ ಮಾಡಿಕೊಂಡಿದ್ದೆ. ಒಂದು ಬೆಳಿಗ್ಗೆ ಅಂಧೇರಿಯ ಗಾಡಿ ಬರುವ ಘೋಷಣೆ ಕೇಳಿ, ಹೆಗಲ ಚೀಲ, ಡಬ್ಬಿ, ಕೊಡೆ ಸಮೇತ ಮೆಟ್ಟಿಲು ಹತ್ತಿ, ಸೇತುವೆ ದಾಟಿ, ಇಳಿದು ಮಹಿಳೆಯರ ಬೋಗಿಯಲ್ಲಿ ನಿಂತ ಮೇಲೆ, ಏದುಸಿರು ಬಂದಿಲ್ಲವೆಂಬುದು ಗಮನಕ್ಕೆ ಬಂತು. ಆಗಿನ್ನೂ ತೂಕ 70ರ ಮೇಲೆಯೇ ಇತ್ತು.

ಬಿಡುವಿನ ವಾರಗಳು ಮುಗಿದು ಆಹಾರವನ್ನು 1,450ಕ್ಕೆ ಇಳಿಸಿದಾಗ, ಅಂದರೆ ಮೊದಲು ತಿನ್ನುತ್ತಿದ್ದುದಕ್ಕಿಂತ ಹೆಚ್ಚೇ ತಿನ್ನುತ್ತಿದ್ದಾಗ, ಸೇರಿಕೊಂಡಿದ್ದ ನೀರಿನ ಭಾರ ಮೊದಲು ಇಳಿಯಿತು. ಆಮೇಲೆ ಕೆಲವು ದಿನ ಏನೂ ಆಗಲಿಲ್ಲ. ಅನಂತರ ಒಂದು ಭಾನುವಾರ ಯಂತ್ರ 68.9 ತೋರಿಸಿತು. ಯಂತ್ರವನ್ನು ಬೇರೆ ಹಾಸುಗಲ್ಲಿನ ಮೇಲಿಟ್ಟು ಮತ್ತೆ ನಿಂತೆ, 68.9. ಅಡುಗೆಮನೆಯಿಂದ ಮಗಳನ್ನು ಕರೆದು ಅವಳಿಂದಲೂ ಓದಿಸಿದೆ. “ಅಮ್ಮಾ, ಅರವತ್ತೆಂಟು ಕಾಣ್ತಾ ಉಂಟು” ಎಂದು ಅವಳು ನನ್ನನ್ನು ತಬ್ಬಿಕೊಂಡಳು.

ಈಗ ತೂಕ 65.2, ಸೊಂಟ 86. ಇಳಿಕೆ ಮತ್ತೆ ನಿಧಾನವಾಗಿದೆ, ಮುಂದಿನ ಬಿಡುವಿನ ವಾರಗಳನ್ನು ವೈದ್ಯರು ಗೊತ್ತುಮಾಡಿದ್ದಾರೆ. ಮುಲುಂಡಿನ ನನ್ನ ನಾದಿನಿಯ ತೂಕ 72ರಲ್ಲಿ ನಿಂತು ಹೋಗಿ, ಅವಳು ರಾತ್ರಿ ಊಟವನ್ನೇ ಬಿಟ್ಟಿದ್ದಾಳೆಂದು ತಿಳಿದ ಕೂಡಲೇ ಫೋನು ಮಾಡಿ ಊಟ ಬಿಡಬೇಡವೆಂದು ಹೇಳಿದೆ. ಬರುವ ಶನಿವಾರ ಅವಳನ್ನು ಮಾಟುಂಗಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.